ಮಗಳಿಗೆ ತಂದ ಗಿಣಿ ಅಂಗಿ

ಇದಕ್ಕೆಲ್ಲ ಮೂಲ ಮಹಡಿ ಮನೆಯ ಟೀಚರಮ್ಮ. ಅರ್ಧ ಬೀದಿಯ ಕಿವಿ ಹಿಂಡಿ ನಿವೃತ್ತರಾದವರು. ಅವರ ಮಾತು ತೆಗೆದುಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಶುಕ್ರವಾರ ಸಂಜೆ ಕೆಳಗಿನ ಮನೆಯಲ್ಲಿ ಅಪ್ಪ ಮಗಳ ಜಗಳ ಕೇಳಿಸಿಕೊಂಡು ಇಳಿದು ಬಂದರು.

"ಬೆಳೆಯೋ ಮಕ್ಕಳು ರೀ. ಅವರ ಬಟ್ಟೆ ಅವರೇ ಆರಿಸ್ಕೊಳ್ಳಲಿ. ನೀವು ಬಾಯಿಗೆ ಬೀಗ ಹಾಕ್ಕೊಳ್ಳಿ."

ಕೆಳಗಿನ ಮನೆಯವನು ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವವನು. ಹಾಗಾಗಿ ಎಲ್ಲರ ಬಾಯಲ್ಲಿ ಕನ್ನಡಕಪ್ಪ. ಜಗಳ ನಡೆದದ್ದು ಅವನು ಮಗಳಿಗೆ ತಂದಿದ್ದ ಅಂಗಿಗೆ. ಹಳದಿ ಬಟ್ಟೆ, ಮೈತುಂಬಾ ಹಸಿರು ಗಿಣಿಗಳು. ಬೆಳೆಯುವ ವಯಸ್ಸು ಅಂತ ದೊಡ್ಡ ಅಳತೆಯದನ್ನೇ ತಂದಿದ್ದ, ಇಬ್ಬರು ಮಕ್ಕಳು ತೂರುವಂಥದ್ದು. ಎಂಟನೇ ಕ್ಲಾಸಿನ ಮಗಳು ಅದನ್ನು ಬೆಕ್ಕು ನೀರಿನ ತೊಟ್ಟಿ ನೋಡಿದ ಹಾಗೆ ನೋಡಿದ್ದಳು.

ಟೀಚರಮ್ಮನ ಎದುರಿಗೇ ಕನ್ನಡಕಪ್ಪ ಸೋತ. "ಆಯ್ತಮ್ಮ. ನಾಳೆಯಿಂದ ನಿನಗಿಷ್ಟ ಬಂದದ್ದು ಹಾಕ್ಕೋ. ನಾನು ತುಟಿ ಪಿಟಕ್ ಅನ್ನಲ್ಲ."

ಬೆಳಿಗ್ಗೆ ಸ್ನಾನ ಮಾಡಿ ಬಂದು ಬೀರು ತೆಗೆದರೆ ಅವನ ಆಕಾಶನೀಲಿ ಅಂಗಿ ಇರಲಿಲ್ಲ. ಇಸ್ತ್ರಿ ಮಾಡಿಸಿ ಜೋಪಾನವಾಗಿಟ್ಟಿದ್ದ ಅಂಗಿ. ಅಂಗಡಿಯ ಒಡತಿ, ಎಲ್ಲರೂ ದೊಡ್ಡಮ್ಮ ಅನ್ನುವ ಹೆಂಗಸು, ತಾನು ತೆರೆಯಲಿದ್ದ ಹೊಸ ಅಂಗಡಿ ನೋಡಿಕೊಳ್ಳುವವರನ್ನು ಆರಿಸಲು ಅವತ್ತು ಬರುವವಳಿದ್ದಳು. ಹಿಂದಿನ ಕೋಣೆಯ ಧೂಳಿನಿಂದ ಮುಂದಿನ ಕುರ್ಚಿಗೆ ಬರಬೇಕೆಂಬುದು ಅವನ ಬಹುಕಾಲದ ಆಸೆ.

ಅಂಗಿ ಕನ್ನಡಿಯ ಮುಂದೆ ನಿಂತಿತ್ತು. ಒಳಗೆ ಮಗಳಿದ್ದಳು. ಶನಿವಾರ, ಶಾಲೆಗೆ ಸಮವಸ್ತ್ರ ಬೇಕಿರಲಿಲ್ಲ.

"ಅದು ನನ್ನ ಅಂಗಿ ಕಣೇ."

"ಇಷ್ಟ ಬಂದದ್ದು ಹಾಕ್ಕೋ ಅಂದ್ಯಲ್ಲಪ್ಪ. ನಂಗೆ ಇದೇ ಇಷ್ಟ. ಈಗ ದೊಗಳೆ ಇದ್ರೇನೇ ಚೆಂದ."

"ಆರಿಸ್ಕೋ ಅಂದ್ರೆ ನನ್ನ ಬೀರುವಿಂದಾನಾ?"

"ಕೊಟ್ಟ ಮಾತಿಗೆ ಆಮೇಲೆ ಷರತ್ತು ಹಾಕಬಾರದು," ಎಂದು ಮಹಡಿಯ ಕಿಟಕಿಯಿಂದ ತೀರ್ಪು ಬಂತು.

ಬಚ್ಚಲಿನಿಂದ ಹೆಂಡತಿ, "ರೀ, ನಿಮ್ಮ ಬೇರೆ ಅಂಗಿಗಳೆಲ್ಲ ಈಗಷ್ಟೇ ನೆನೆಹಾಕಿದೆ," ಎಂದಳು.

ಸ್ವಾತಂತ್ರ್ಯ ಕೊಟ್ಟವನಿಗೆ ತೊಡಲು ಅಂಗಿ ಇರಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಮಗಳು ಹೊರಟುಹೋದಳು. ಮನೆಯಲ್ಲಿ ಉಳಿದದ್ದು ಗಿಣಿ ಅಂಗಿ ಒಂದೇ. ಹಾಕಿ ನೋಡಿದ. ಹೊಲಿಸಿದ ಹಾಗೆ ಕೂತಿತು.

ಬೀದಿಯ ತಿರುವಿನಲ್ಲಿ ಹಳೆಯ ಲಾರಿ ಡ್ರೈವರ್ ತಡೆದು, "ಎಲ್ಲಿಗೆ ಪ್ರವಾಸ?" ಎಂದ. ಬಸ್ಸಿನಲ್ಲಿ ತಾಯಿಯ ಹೆಗಲ ಮೇಲಿದ್ದ ಮಗುವೊಂದು ಅವನ ಹೊಟ್ಟೆಯ ಮೇಲಿನ ಗಿಣಿಯ ಕೊಕ್ಕು ಹಿಡಿದು ಬಿಡಲೇ ಇಲ್ಲ. ಕೊನೆಗೆ ಆ ತಾಯಿಯ ಸ್ಟಾಪಿನಲ್ಲೇ ಇಳಿದು, ಬಿಡಿಸಿಕೊಂಡು, ಉಳಿದ ದಾರಿ ನಡೆದ.

ಅಂಗಡಿಯಲ್ಲಿ ಅಜ್ಜನೊಬ್ಬರು ಹೊಸ ಕನ್ನಡಕಕ್ಕೆ ಕಾದಿದ್ದರು. ಹಾಕಿಸಿ, "ಈಗ ಹೇಗಿದೆ ಅಜ್ಜ?" ಎಂದ. ಅಜ್ಜ ಅವನನ್ನೇ ದಿಟ್ಟಿಸಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಸರಿಯಿಲ್ಲಪ್ಪ ಇದು. ಎಲ್ಲಿ ನೋಡಿದ್ರೂ ಗಿಣಿ ಕಾಣ್ತಿದೆ."

ಬಿಲ್ ಬರೆಯುವವನು ನಗು ತಡೆಯಲಾರದೆ ಮೇಜಿನ ಕೆಳಗೆ ಪೆನ್ನು ಹುಡುಕತೊಡಗಿದ. ಅದೇ ಹೊತ್ತಿಗೆ ದೊಡ್ಡಮ್ಮ ಒಳಗೆ ಬಂದಳು. ಎಲ್ಲರನ್ನೂ ಬಿಟ್ಟು ನೇರ ಕನ್ನಡಕಪ್ಪನ ಎದುರು ನಿಂತಳು.

"ಇದನ್ನ ಯಾರು ಆರಿಸಿದ್ದು?"

"ನಾನೇ ದೊಡ್ಡಮ್ಮ. ಮಗಳಿಗೆ ಅಂತ."

"ಮಗಳಿಗೆ ತಂದದ್ದು ನೀನ್ಯಾಕೆ ಹಾಕ್ಕೊಂಡೆ?"

"ನನ್ನದನ್ನ ಅವಳು ಹಾಕ್ಕೊಂಡಿದಾಳೆ."

"ಅದನ್ನ ಯಾರು ಆರಿಸಿದ್ದು?"

"ಅವಳೇ. ನಾನೇ ಸ್ವಾತಂತ್ರ್ಯ ಕೊಟ್ಟೆ."

"ಯಾರಿಗೆ?"

ಕನ್ನಡಕಪ್ಪ ಎದೆಯ ಮೇಲಿನ ಗಿಣಿಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡ.

ಬಾಗಿಲಲ್ಲಿ ಮಗಳು ಕಾಣಿಸಿದಳು. ಅರ್ಧ ದಿನದ ಶಾಲೆ ಮುಗಿದಿತ್ತು. ದಾರಿಯುದ್ದಕ್ಕೂ ಅಪ್ಪನ ಮುಖ ಕಣ್ಣ ಮುಂದೆ ಬಂದು, ಅಂಗಿ ಮರಳಿಸೋಣ ಅಂತ ಓಡಿ ಬಂದಿದ್ದಳು. ಗಿಣಿಗಳನ್ನೂ ದೊಡ್ಡಮ್ಮನನ್ನೂ ನೋಡಿ ನಾಲಿಗೆ ಕಚ್ಚಿಕೊಂಡಳು. ಯಾರ ಕಣ್ಣಿಗೂ ಬೀಳದಿರಲೆಂದು ಕನ್ನಡಿಯ ಪಕ್ಕಕ್ಕೆ ಸರಿದಳು.

ಅಲ್ಲಿ ಒಬ್ಬ ತಾಯಿ ತನ್ನ ಹುಡುಗನ ಮೂಗಿನ ಮೇಲೆ ತೆಳು ಚಿನ್ನದ ಬಣ್ಣದ ಫ್ರೇಮನ್ನು ಬಲವಂತವಾಗಿ ಕೂರಿಸುತ್ತಿದ್ದಳು. ಹುಡುಗ ಔಷಧಿ ಕುಡಿಸಿದ ಹಾಗೆ ಮುಖ ಮಾಡಿದ್ದ.

"ಆಂಟಿ, ಹಾಕ್ಕೊಂಡು ಓಡಾಡೋನು ಅವನಲ್ವಾ?" ಎಂದಳು ಮಗಳು. "ಒಂದ್ಸಲ ಅವನೇ ಹುಡುಕಲಿ." ಹುಡುಗ ದಪ್ಪ ಕಪ್ಪು ಫ್ರೇಮೊಂದನ್ನು ಎತ್ತಿಕೊಂಡ. "ಅದು ನಿನ್ನ ಮೂಗಿಗೆ ಜಾರುತ್ತೆ. ಅಂಥದ್ದೇ ಇದು, ಸ್ವಲ್ಪ ಚಿಕ್ಕದು," ಎಂದು ಪಕ್ಕದ್ದನ್ನು ಕೊಟ್ಟಳು. ಹುಡುಗ ಹಾಕಿಕೊಂಡು ನಕ್ಕ. ತಾಯಿ ಅವನನ್ನು ನೋಡಿದಳು, ಕನ್ನಡಿ ನೋಡಿದಳು, ತನ್ನ ಹಳೆಯ ಕನ್ನಡಕ ತೆಗೆದಳು.

"ನನಗೂ ಒಂದು ತೋರಿಸಮ್ಮ."

ದೊಡ್ಡಮ್ಮ ಕೈ ಕಟ್ಟಿಕೊಂಡು ಎಲ್ಲವನ್ನೂ ನೋಡುತ್ತಿದ್ದಳು. "ಯಾರ ಮಗು ಇದು?"

"ನನ್ನದೇ," ಎಂದ ಕನ್ನಡಕಪ್ಪ.

"ಹೊಸ ಅಂಗಡಿಗೆ ಜನ ಸಿಕ್ಕಿಬಿಟ್ರು."

ಕನ್ನಡಕಪ್ಪನ ಎದೆ ಉಬ್ಬಿತು. ಅದರ ಮೇಲಿದ್ದ ಗಿಣಿಗಳು ರೆಕ್ಕೆ ಬಿಚ್ಚಿದವು.

"ಈ ಹುಡುಗಿಗೆ ಕಣ್ಣಿದೆ," ದೊಡ್ಡಮ್ಮ ಮುಂದುವರಿಸಿದಳು. "ಓದು ಮುಗಿಸ್ಕೊಂಡು ಬರಲಿ. ಅಲ್ಲೀವರೆಗೆ ಆ ಅಂಗಡಿ ನಾನೇ ನೋಡ್ಕೋತೀನಿ."

"ಮತ್ತೆ ನಾನು, ದೊಡ್ಡಮ್ಮ?"

"ನೀನು ಒಳಗೆ ಲೆನ್ಸ್ ಉಜ್ಜು. ಇವತ್ತು ಮಾತ್ರ ಹೊರಗೆ ಬರಬೇಡ. ಆ ಅಜ್ಜ ಇನ್ನೂ ಕಣ್ಣುಜ್ಜಿಕೊಳ್ತಿದಾರೆ."

ಸಂಜೆ ಬಸ್ಸಿನಲ್ಲಿ ಅಪ್ಪ ಮಗಳು ಪಕ್ಕಪಕ್ಕ ಕೂತರು. ಅವಳ ಮೇಲೆ ಸಿಟ್ಟು ಮಾಡಬೇಕೋ, ತಲೆ ಸವರಬೇಕೋ ಅವನಿಗೆ ತಿಳಿಯಲಿಲ್ಲ. ಎತ್ತಿದ ಕೈ ನಡುವೆಯೇ ನಿಂತು ಕಿಟಕಿಯ ಸರಳು ಹಿಡಿಯಿತು.

"ಬೇಜಾರಾ ಅಪ್ಪ?"

"ಗೊತ್ತಾಗ್ತಿಲ್ಲ ಕಣಮ್ಮ."

"ನಾನು ಆ ಅಂಗಡಿಗೆ ಬಂದ ದಿನಾನೇ ನಿನ್ನನ್ನ ಮುಂದಿನ ಕುರ್ಚಿಗೆ ಹಾಕ್ತೀನಿ."

ಅವನ ಕಣ್ಣು ತುಂಬಿ ಬಂತು. ಕೈ ಸರಳು ಬಿಟ್ಟು ಅವಳ ತಲೆಯ ಮೇಲೆ ಇಳಿಯಿತು.

"ಆದ್ರೆ ಅಪ್ಪ," ಅವಳು ನೀಲಿ ತೋಳು ಮಡಚಿಕೊಳ್ಳುತ್ತಾ ಗಂಭೀರವಾಗಿ ಹೇಳಿದಳು, "ನಿನ್ನ ಬಟ್ಟೆ ಮಾತ್ರ ನಾನೇ ಆರಿಸ್ತೀನಿ."