ಹಗ್ಗವೆಲ್ಲ ನನಗೇ

ದೇವರು ನನಗೆ ಆರಡಿ ದೇಹ ಕೊಟ್ಟ, ಅದಕ್ಕೆ ಒಪ್ಪುವಂಥ ಮೀಸೆಯನ್ನೂ ಕೊಟ್ಟ. ಒಳಗೆ ತುಂಬಬೇಕಾಗಿದ್ದ ಧೈರ್ಯವನ್ನು ಮಾತ್ರ ಎಲ್ಲೋ ಇಟ್ಟು ಮರೆತುಬಿಟ್ಟ. ಇದು ಊರಿಗೆ ಗೊತ್ತಿಲ್ಲ. ಬೇಲಿ ತಕರಾರಿರಲಿ, ದನ ನುಗ್ಗಿದ ಜಗಳವಿರಲಿ, ನನ್ನನ್ನೇ ಮುಂದೆ ನಿಲ್ಲಿಸುತ್ತಾರೆ. "ನೀವೇನೂ ಮಾತಾಡ್ಬೇಡಿ, ಸುಮ್ನೆ ನಿಂತ್ಕೊಳ್ಳಿ ಸಾಕು" ಅನ್ನುತ್ತಾರೆ. ಮಂಡಿ ನಡುಗುವುದು ಪಂಚೆಯೊಳಗೆ ಕಾಣುವುದಿಲ್ಲವೆಂಬ ನೆಮ್ಮದಿಯಲ್ಲಿ ನಾನೂ ನಿಲ್ಲುತ್ತೇನೆ. ನನ್ನ ಹೆಂಡತಿ ಗಿರಿಜೆಯೋ, ನನ್ನ ಭುಜದ ಎತ್ತರಕ್ಕೂ ಬರುವುದಿಲ್ಲ. ಬಾಗಿಲು ತೆರೆದ ಅವಳನ್ನೇ "ಮನೇಲಿ ಯಾರೂ ಇಲ್ವಾ?" ಎಂದು ಕೇಳಿದವರಿದ್ದಾರೆ.

ಮಲ್ಲಂದೂರಿನ ಆಚೆ ನಮ್ಮದೊಂದು ಸಣ್ಣ ಕಾಫಿ ತೋಟ. ಕಾಫಿ ಹೂವಾದ ದಿನಗಳಲ್ಲಿ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗಿ, ಮಲ್ಲಿಗೆಗೆ ಯಾರೋ ಜೇನು ಕಲಸಿಟ್ಟಂಥ ಪರಿಮಳ ಮನೆಯೊಳಗೆಲ್ಲ ಓಡಾಡುತ್ತದೆ. ಎಲ್ಲರಿಗೂ ಅದು ಸಂಭ್ರಮ, ನನಗೆ ಸೀನು. ಸೀನಿಗೆ ಮಾತ್ರೆ, ಮಾತ್ರೆಯಿಂದ ನಿದ್ದೆ. ಆ ಮಧ್ಯಾಹ್ನವೂ ಮಾತ್ರೆ ನುಂಗಿ, ಕಿಟಕಿಯಾಚೆಯ ಬಿಳುಪು ತೇಲುತ್ತಿದೆಯೋ ನಾನು ತೇಲುತ್ತಿದ್ದೇನೋ ತಿಳಿಯದೆ ಕುರ್ಚಿಯಲ್ಲಿ ಒರಗಿದ್ದೆ. ಆಳುಗಳು ಊಟಕ್ಕೆ ಹೋಗಿದ್ದರು. ಮೆಣಸು ಕೊಳ್ಳುವವರೆಂದು ಇಬ್ಬರು ಬಂದರು. ಒಳಗೆ ಬಂದವರೇ ಬಾಗಿಲು ಹಾಕಿ ಚಾಕು ತೆಗೆದರು.

ನನ್ನನ್ನು ನೋಡಿ ಅವರಿಗೆ ನಿಜಕ್ಕೂ ಭಯವಾಯಿತು. "ಮೊದ್ಲು ಈ ಮೀಸೆಯವನನ್ನ ಕಟ್ಟೋ" ಎಂದು ಒಬ್ಬ ಕೂಗಿದ. ತಂದಿದ್ದ ನೈಲಾನ್ ಹಗ್ಗವನ್ನೆಲ್ಲ ಕಾಲಿನಿಂದ ಎದೆಯವರೆಗೆ ನನಗೇ ಸುತ್ತಿದರು. ಗಿರಿಜೆಗೆ ಒಂದು ಗೇಣೂ ಉಳಿಯಲಿಲ್ಲ. "ನೀನು ಸುಮ್ನಿರಮ್ಮ, ನಿನಗೇನೂ ಮಾಡಲ್ಲ. ಮೆಣಸಿನ ಮೂಟೆ ಎಲ್ಲಿದೆ ತೋರ್ಸು" ಎಂದರು.

ಒಬ್ಬ ನನ್ನ ಕುತ್ತಿಗೆಯ ಹತ್ತಿರ ಚಾಕು ಹಿಡಿದು ನಿಂತ. ಇನ್ನೊಬ್ಬ ಅವಳ ಹಿಂದೆ ಹಿತ್ತಲ ಕಡೆಯ ಗೋದಾಮಿಗೆ ಹೋದ. ಗಿರಿಜೆಗೆ ಏನಾದರೂ ಆದರೆ ಎಂಬ ಯೋಚನೆ ಎದೆಯಲ್ಲಿ ಕಲ್ಲಿನಂತೆ ಕೂತಿತು. ಆದರೆ ಹೇಳಲು ನಾಚಿಕೆ, ಆ ಕಲ್ಲನ್ನೂ ಹೊತ್ತುಕೊಂಡೇ ನಾನು ನಿಧಾನವಾಗಿ ಬಿಳಿ ಹೂವಿನೊಳಗೆ ಇಳಿದುಹೋದೆ. ಮಾತ್ರೆ ಅಷ್ಟು ಒಳ್ಳೆಯದಿತ್ತು.

ಮುಂದಿನದು ಗಿರಿಜೆಯೂ, ಆಮೇಲೆ ಪೊಲೀಸರ ಮುಂದೆ ಕಳ್ಳರೂ ಹೇಳಿದ್ದು. ಗೋದಾಮಿನಲ್ಲಿ ಅವಳು "ಅದು ಒಬ್ರ ಕೈಲಿ ಏಳೋ ಮೂಟೆ ಅಲ್ಲ ಮಾರಾಯ, ಇನ್ನೊಬ್ಬನ್ನೂ ಕರಿ" ಎಂದಳಂತೆ. ಕಾವಲಿಗಿದ್ದವನು "ಇವನನ್ನ ಬಿಟ್ಟು ಹೆಂಗೋ ಬರ್ಲಿ?" ಎಂದು ಕೂಗುತ್ತ ನನ್ನತ್ತ ತಿರುಗಿ ನೋಡಿದನಂತೆ. ನಾನು ಗೊರಕೆ ಹೊಡೆಯುತ್ತಿದ್ದೆ. ಅವನು ನಿಶ್ಚಿಂತೆಯಿಂದ ಹೋದ. ಇಬ್ಬರೂ ಬಗ್ಗಿ ಮೂಟೆಗೆ ಕೈಹಾಕುತ್ತಲೇ ಗಿರಿಜೆ ಹೊರಗೆ ಬಂದು, ಬಾಗಿಲೆಳೆದು ಕಬ್ಬಿಣದ ಅಗುಳಿ ಜಡಿದಳು. ಕಳ್ಳರು ನಮ್ಮಿಂದ ಕಿತ್ತುಕೊಂಡು ಮೇಜಿನ ಮೇಲೆ ಬಿಟ್ಟುಹೋಗಿದ್ದ ನಮ್ಮದೇ ಫೋನಿನಿಂದ ಪೊಲೀಸರನ್ನು ಕರೆದಳು.

ನನಗೆ ಎಚ್ಚರವಾದಾಗ ಅವಳು ಪಕ್ಕದಲ್ಲಿ ಕೂತು, ಹಗ್ಗದಿಂದ ಹೊರಗುಳಿದಿದ್ದ ನನ್ನ ಬೆರಳುಗಳನ್ನು ಹಿಡಿದುಕೊಂಡಿದ್ದಳು. ಗೋದಾಮಿನ ಬಾಗಿಲು ದಡದಡ ಅನ್ನುತ್ತಿತ್ತು. "ಕತ್ತಿ ತಂದು ಹಗ್ಗ ಕೊಯ್ಯೇ" ಎಂದೆ.

"ಈಗ ಆಗಲ್ಲ ರೀ, ಕೈ ನೋಡಿ ಹೆಂಗೆ ನಡುಗ್ತಿದೆ. ಹಗ್ಗದ ಜೊತೆ ನೀವೂ ಹೋಗ್ತೀರಿ" ಎಂದಳು. ಅಲ್ಲಿಯವರೆಗೆ ತಡೆದಿದ್ದ ಅಳು ಅವಳಿಗೆ ಆಗ ಬಂತು. ಅವಳ ಕಣ್ಣೊರೆಸಲು ನನ್ನ ಕೈಗೆ ಬಿಡುವಿರಲಿಲ್ಲ. ಕಿಟಕಿಯಿಂದ ಪರಿಮಳ ಬರುತ್ತಲೇ ಇತ್ತು. ಇಬ್ಬರೂ ಕನಸಿನಲ್ಲಿ ಕೂತವರಂತೆ ಕೂತಿದ್ದೆವು.

ಜೀಪು ಬಂತು. ಮೊದಲು ಒಳಗೆ ಬಂದ ಪೇದೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಗಿರಿಜೆಗೆ ಕೈಮುಗಿದ. "ಭೇಷ್ ಅಮ್ಮ! ಇಂಥಾ ದಾಂಡಿಗನ್ನ ಒಬ್ರೇ ಹೆಂಗೆ ಕಟ್ಟಿಹಾಕಿದ್ರಿ?"

"ಅಯ್ಯೋ, ಇವ್ರು ನಮ್ಮ ಯಜಮಾನ್ರು!"

"ಹೆದರ್ಬೇಡಿ, ನಾವು ಬಂದಿದೀವಿ. ಇವನು ಹೇಳ್ಕೊಟ್ಟಿದ್ದನ್ನೆಲ್ಲ ಹೇಳ್ಬೇಡಿ."

ಕೊನೆಗೆ ಗೋಡೆಯಿಂದ ಮದುವೆಯ ಫೋಟೊ ಇಳಿಸಿ ತೋರಿಸಬೇಕಾಯಿತು. ಪೇದೆ ಫೋಟೊ ನೋಡಿದ, ನನ್ನನ್ನು ನೋಡಿದ, ಆಮೇಲೆ ಅವಳ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದ: "ಹಂಗಾದ್ರೆ ಬಿಚ್ಚಬಹುದಾ ಅಮ್ಮ?"

ಗಿರಿಜೆ ಹೂಂ ಅಂದಳು. ಅನ್ನುವುದಕ್ಕೆ ಮೊದಲು ಒಂದು ಗಳಿಗೆ ಯೋಚಿಸಿದಳು ಎಂಬುದು ನನ್ನ ಗುಮಾನಿ. ಮಾತ್ರೆಯ ಅಮಲೂ ಇರಬಹುದು.