ನೆವಿಲ್‌ಗೆ ಊರು ಮಾಡಿದ ಉಪಕಾರ

ಆ ದಿನದ ರಂಪಕ್ಕೆಲ್ಲ ಹಾರ್ಡ್‌ವೇರ್ ಅಂಗಡಿಯ ಬ್ರಯನ್ನನ ಸತ್ಯಸಂಧತೆಯೇ ಮೂಲ.

ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ನೆವಿಲ್ ಸರಕಾರದ ನಿರುದ್ಯೋಗ ಭತ್ಯೆಯಲ್ಲಿ ದಿನ ನೂಕುತ್ತಿದ್ದ. ಭತ್ಯೆ ಬೇಕೆಂದರೆ ತಿಂಗಳು ತಿಂಗಳೂ ಹತ್ತಾರು ಕಡೆ ಕೆಲಸ ಕೇಳಿರಬೇಕು. ಊರಲ್ಲಿದ್ದ ಅಂಗಡಿಗಳೋ ಬೆರಳಲ್ಲಿ ಎಣಿಸುವಷ್ಟು. ಪಾಪ, ಕೇಳಿದವರನ್ನೇ ಕೇಳಿ, ಇಲ್ಲವೆಂದವರಿಂದಲೇ ಮತ್ತೆ ಇಲ್ಲವೆನ್ನಿಸಿಕೊಂಡು ಬರುತ್ತಿದ್ದ. ಹೋದ ವಾರ ಭತ್ಯೆ ಆಫೀಸಿನವರು ಬ್ರಯನ್ನನಿಗೆ ಫೋನ್ ಮಾಡಿ, ಅವನು ಕೆಲಸ ಕೇಳಿದ್ದು ನಿಜವೇ ಎಂದು ವಿಚಾರಿಸಿದರು.

"ನಮ್ ನೆವಿಲ್ ತಾನೆ? ಕೆಲ್ಸ ಎಲ್ಲಿ ಕೇಳ್ದ? ನಲ್ಲಿಗೆ ವಾಷರ್ ತಗೊಂಡ್ಹೋದ, ಅಷ್ಟೇ" ಎಂದುಬಿಟ್ಟ ಬ್ರಯನ್.

ಆ ಸಲದ ಭತ್ಯೆ ನಿಂತಿತು. ಇನ್ನೊಮ್ಮೆ ಹೀಗಾದರೆ ಪೂರ್ತಿ ಬಂದ್ ಎಂದು ಎಚ್ಚರಿಕೆಯೂ ಬಂತು. ಹಾಗಾಗಿ ಆ ದಿನ ಬೆಳಿಗ್ಗೆ ನೆವಿಲ್ ಅಂಗಡಿ ಅಂಗಡಿಗೂ, ಪಬ್ಬಿಗೂ ಹೋಗಿ ಕೈಮುಗಿಯದ ಹಾಗೆ ಕೇಳಿಕೊಂಡ. "ಫೋನ್ ಬಂದ್ರೆ, ನಾನು ಕೆಲ್ಸ ಕೇಳ್ದೆ, ನೀವು ಆಗಲ್ಲ ಅಂದ್ರಿ ಅಂತ ಹೇಳಿ. ಅಷ್ಟೇ ಸಾಕು."

ಅಷ್ಟಕ್ಕೇ ಸುಮ್ಮನಿರುವ ಊರೇ ಅದು?

"ಬರೀ ಆಗಲ್ಲ ಅಂದ್ರೆ ಯಾರು ನಂಬ್ತಾರಯ್ಯ? ಕಾರಣ ಬೇಕು" ಎಂದಳು ಬೇಕರಿಯ ಲೊರೇನ್. "ಶುದ್ಧ ಸೋಮಾರಿ, ಮಧ್ಯಾಹ್ನದವರೆಗೂ ಹಾಸಿಗೆ ಬಿಡಲ್ಲ ಅಂತೀನಿ."

ಬ್ರಯನ್ನನಂತೂ ಪಶ್ಚಾತ್ತಾಪದಲ್ಲಿ ಬೆಂದುಹೋಗಿದ್ದ. "ನಾನು ಕೈ ಶುದ್ಧ ಇಲ್ಲ ಅಂತೀನಿ ಬಿಡು."

"ಅಷ್ಟೆಲ್ಲ ಬೇಡ ಕಣೋ ಬ್ರಯನ್..."

"ನೀನು ಸುಮ್ನಿರು. ನನ್ನಿಂದಾದ ತಪ್ಪು, ನಾನೇ ಸರಿಮಾಡ್ತೀನಿ."

ನೆವಿಲ್ ಯಾರಿಗೂ ಹೇಳದ ಸಂಗತಿ ಒಂದಿತ್ತು. ಪಕ್ಕದೂರಿನ ಹೆಲೆನ್ ಪಾವ್ಲಿಚ್ ಎಂಬಾಕೆಗೆ ಶಾಲಾ ಬಸ್ಸಿಗೆ ಡ್ರೈವರ್ ಬೇಕಿತ್ತು. ಕಾರ್ಖಾನೆಯ ಕಬ್ಬಿನ ರೈಲು ಓಡಿಸಿದ್ದ ನೆವಿಲ್ ಬಸ್ಸಿನ ಲೈಸೆನ್ಸನ್ನೂ ಮಾಡಿಸಿಕೊಂಡು ಹಿಂದಿನ ದಿನ ಹೋಗಿ ಒಂದು ಸುತ್ತು ಹೊಡೆದು ತೋರಿಸಿದ್ದ. ಆಕೆಗೆ ಹಿಡಿಸಿತ್ತು. ವಿಚಾರಿಸಿಕೊಂಡು ನಾಳೆ ಹೇಳುತ್ತೇನೆ ಎಂದಿದ್ದಳು. ಯಾರನ್ನು ವಿಚಾರಿಸುತ್ತಾಳೆಂದು ಕೇಳುವಷ್ಟು ವ್ಯವಧಾನ ಇವನ ಸಂತೋಷಕ್ಕಿರಲಿಲ್ಲ. ಊರಿಗೆ ಹೇಳಲಿಲ್ಲ, ಯಾಕೆಂದರೆ ಹಿಂದೊಮ್ಮೆ ಹೀಗೇ ಆಸೆಯಿಟ್ಟ ಕೆಲಸ ತಪ್ಪಿದಾಗ ಎಲ್ಲರೂ ತಿಂಗಳುಗಟ್ಟಲೆ ಸಮಾಧಾನ ಹೇಳಿದ್ದರು. ಕೆಲಸವಿಲ್ಲದ್ದನ್ನು ತಡೆದುಕೊಳ್ಳಬಹುದು, ಆ ಸಮಾಧಾನವನ್ನಲ್ಲ.

ಮಧ್ಯಾಹ್ನ ಲೊರೇನ್ ರಸ್ತೆಯಾಚೆಯಿಂದಲೇ ಕೂಗಿದಳು. "ಬಂತು ಕಣೋ ಫೋನು! ಸರಿಯಾಗಿ ಹೇಳಿದ್ದೀನಿ!" ನೆವಿಲ್ ನೆಮ್ಮದಿಯ ಉಸಿರುಬಿಟ್ಟ. ಸ್ವಲ್ಪ ಹೊತ್ತಿಗೆ ಬ್ರಯನ್ ಅಂಗಡಿ ಬಿಟ್ಟು ಓಡಿಬಂದು, ತನಗೂ ಫೋನ್ ಬಂತೆಂದು ಹೇಳಿ ಬೆನ್ನು ತಟ್ಟಿ ಹೋದ.

ಪಬ್ಬಿಗೆ ಕಾಲಿಟ್ಟರೆ ಮಾಲೀಕ ಡಾರಿಲ್ ಫೋನಿನಲ್ಲೇ ಇದ್ದ. ಇವನನ್ನು ಕಂಡು ಕಣ್ಣು ಹೊಡೆದ.

"ಕುಡಿಯೋದಾ? ನಾನು ಬಾಗಿಲು ತೆಗೆಯೋ ಹೊತ್ತಿಗೇ ಮೆಟ್ಟಿಲ ಮೇಲೆ ಕೂತಿರ್ತಾನೆ ಮೇಡಂ!"

ಅಲ್ಲಿ ಶುಂಠಿ ಸೋಡಾ ಬಿಟ್ಟು ಬೇರೇನೂ ಕುಡಿಯದ ನೆವಿಲ್‌ನ ಕಣ್ಣು ತುಂಬಿಬಂತು. ಕಾರ್ಖಾನೆ ಕೈಬಿಟ್ಟರೂ ಊರು ಬಿಟ್ಟಿಲ್ಲವಲ್ಲ ಅನ್ನಿಸಿತು.

ಡಾರಿಲ್ ಫೋನ್ ಇಟ್ಟ. "ಒಳ್ಳೇ ಹೆಂಗಸು, ಎಲ್ಲಾ ನಂಬಿದ್ರು. ಆದ್ರೆ ಒಂದು ಅರ್ಥ ಆಗ್ಲಿಲ್ಲ ಕಣೋ. ಮಕ್ಕಳನ್ನ ಇವನ ಕೈಗೆ ಒಪ್ಪಿಸಬಹುದಾ ಅಂತ ಯಾಕೆ ಕೇಳಿದ್ರು?"

ನೆವಿಲ್ ಹೊರಗೆ ಓಡಿದ. ಹೆಲೆನ್‌ಗೆ ಫೋನ್ ಮಾಡಿ ಆದದ್ದೆಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಸೋಮಾರಿ, ಕಳ್ಳ, ಕುಡುಕ, ಎಲ್ಲವೂ ತಾನೇ ಹೋಗಿ ಹೇಳಿಸಿದ ಸುಳ್ಳು ಎಂದ.

ಹೆಲೆನ್ ಪೂರ್ತಿ ಕೇಳಿಸಿಕೊಂಡಳು. "ಅಂದ್ರೆ ನೀವು ಕೇಳ್ಕೊಂಡ್ರೆ ಊರಿಗೂರೇ ಸುಳ್ಳು ಹೇಳುತ್ತೆ. ನಾನೀಗ ಯಾವ್ದನ್ನ ನಂಬ್ಲಿ? ಮಕ್ಕಳ ವಿಷ್ಯ, ನೆವಿಲ್."

ಅವಳ ಜಾಗದಲ್ಲಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆ ಎಂಬುದರಿಂದಲೇ ಅವನಿಗೆ ಹೆಚ್ಚು ಸಂಕಟವಾಯಿತು.

"ಬೇಜಾರ್ ಮಾಡ್ಕೋಬೇಡಿ" ಎಂದಳು ಹೆಲೆನ್, ದನಿ ಮೆತ್ತಗೆ ಮಾಡಿ. "ಆಫೀಸಿನೋರು ಕೇಳಿದ್ರೆ, ನೀವು ನಿಜವಾಗ್ಲೂ ಕೆಲ್ಸ ಕೇಳಿದ್ರಿ, ನಾನೇ ಆಗಲ್ಲ ಅಂದೆ ಅಂತ ಹೇಳ್ತೀನಿ. ಬೇಕಾದ್ರೆ ಕಾರಣಾನೂ ಕೊಡ್ತೀನಿ."