ಹೆಂಡತಿಯ ಈಜಿಗೊಂದು ಅರ್ಜಿ

ತಾನು ಯಾವ ವಿದ್ಯೆಯಲ್ಲಿ ಪ್ರವೀಣ ಎನ್ನುವುದು ಮನುಷ್ಯನಿಗೆ ತಿಳಿದಿರಬೇಕು ನಿಜ. ಆದರೆ ಆ ವಿದ್ಯೆಯಿಂದ ಊರಿಗೆ ಏನಾಯಿತು ಎನ್ನುವುದು ತಿಳಿಯದೆ ಇದ್ದರೇ ನೆಮ್ಮದಿ. ನನಗೆ ಅದು ತಿಳಿದದ್ದು ನಿವೃತ್ತನಾಗಿ ಆರು ವರ್ಷವಾದ ಮೇಲೆ, ಅದೂ ಹೆಂಡತಿಯ ಮಂಡಿನೋವಿನ ದೆಸೆಯಿಂದ. ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಮೂವತ್ತನಾಲ್ಕು ವರ್ಷ ಕೇಸ್ ವರ್ಕರ್ ಆಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ. ಜನ ಅರ್ಜಿ ಕೊಡುವುದು, ನಾನು ಹಿಂಬರಹ ಕೊಡುವುದು, ಇದೇ ನಮ್ಮಿಬ್ಬರ ವ್ಯವಹಾರ. ಹಿಂಬರಹ ಎಂದರೆ 'ನಿಮ್ಮ ಕೆಲಸ ಆಗುವುದಿಲ್ಲ' ಎನ್ನುವುದನ್ನು ಮರ್ಯಾದೆಯಾಗಿ ತಿಳಿಸುವ ಕಾಗದ. ಆಗುವುದಿಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ಕೇಳಿದವನು ತನ್ನದೇ ತಪ್ಪು ಎಂದುಕೊಂಡು ಮನೆಗೆ ಹೋಗುವ ಹಾಗೆ ಹೇಳುವುದಿದೆಯಲ್ಲ, ಅದು ಎಲ್ಲರಿಗೂ ಒಲಿಯುವುದಿಲ್ಲ. ನನಗೆ ಒಲಿದಿತ್ತು. ನನ್ನ ಹಿಂಬರಹಗಳನ್ನು ಮಾದರಿಯಾಗಿಟ್ಟುಕೊಳ್ಳಿ ಎಂದು ಹೊಸದಾಗಿ ಬಂದವರಿಗೆ ಮೇಲಧಿಕಾರಿಗಳೇ ಹೇಳುತ್ತಿದ್ದರು. ಬೀಳ್ಕೊಡುಗೆಯ ದಿನ ಕೂಡ ಆ ಮಾತು ಬಂತು, ನಾನು ಶಾಲು ಹೊದ್ದುಕೊಂಡು ನಾಚಿಕೊಂಡೆ.

ಈಗ ಮಂಡಿನೋವಿನ ವಿಷಯ. ನನ್ನ ಹೆಂಡತಿ ಜಯಮ್ಮ ಕುಣಿಗಲ್ ಕಡೆಯವಳು, ಮಾರ್ಕೋನಹಳ್ಳಿ ಡ್ಯಾಮಿನ ಕೆಳಗಿನ ಊರು. ಅವಳು ಎಂಟನೇ ವಯಸ್ಸಿಗೇ ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ನಾಲೆಯಲ್ಲಿ ಈಜು ಕಲಿತವಳು. ಹತ್ತನೇ ವಯಸ್ಸಿಗೆ ಬುರುಡೆ ಬಿಟ್ಟಳಂತೆ. ಇದೆಲ್ಲ ನನಗೆ ಗೊತ್ತಿದ್ದುದು ಕೇಳಿ ಮಾತ್ರ, ಏಕೆಂದರೆ ಮದುವೆಯಾಗಿ ನಲವತ್ತು ವರ್ಷದಲ್ಲಿ ಅವಳು ಬಕೆಟ್ಟಿಗಿಂತ ದೊಡ್ಡ ನೀರನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ. ಆಗ ಗುಬ್ಬಿಯಲ್ಲಿ ಬಾಡಿಗೆ ಮನೆ, ಈಗ ತುಮಕೂರಿನಲ್ಲಿ ಸ್ವಂತ ಮನೆ, ಎರಡರಲ್ಲೂ ನಲ್ಲಿ ನೀರು ಬರುವುದೇ ದಿನ ಬಿಟ್ಟು ದಿನ. ಹೋದ ವರ್ಷ ಅವಳ ಎರಡೂ ಮಂಡಿ ಒಟ್ಟಿಗೆ ಮುಷ್ಕರ ಹೂಡಿದವು. ತಾರಸಿಗೆ ಬಟ್ಟೆ ಒಣಹಾಕಲು ಹೋದರೆ ಮೆಟ್ಟಿಲಿಗೊಂದು 'ಅಮ್ಮಾ' ಕೇಳಿಸುತ್ತಿತ್ತು. ಮೆಟ್ಟಿಲು ಹದಿನೆಂಟು. ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, "ಆಪರೇಷನ್ ಈಗ್ಲೇ ಬೇಡಮ್ಮ, ನೀರಲ್ಲಿ ನಡೀರಿ. ಈಜು ಬಂದ್ರೆ ಈಜಿ. ಅದಕ್ಕಿಂತ ಒಳ್ಳೇ ಔಷಧಿ ಇಲ್ಲ" ಎಂದರು. ಜಯಮ್ಮನ ಮುಖ ಅರಳಿದ್ದನ್ನು ನೋಡಬೇಕಿತ್ತು. ಔಷಧಿ ಬರೆದುಕೊಟ್ಟಿದ್ದಕ್ಕೆ ಅಷ್ಟು ಸಂತೋಷಪಟ್ಟ ರೋಗಿಯನ್ನು ಆ ಡಾಕ್ಟರೂ ನೋಡಿರಲಾರರು.

ನಮ್ಮ ಬಡಾವಣೆಯ ಹತ್ತಿರ ಸಾರ್ವಜನಿಕರ ಈಜುಕೊಳ ಇದೆ. ಪಾಲಿಕೆ ಕಟ್ಟಿಸಿದ್ದು ಜನರ ದುಡ್ಡಿನಲ್ಲಿ, ನಡೆಸುವವರು ಗುತ್ತಿಗೆದಾರರು. ಬೆಳಗ್ಗೆ ಸಂಜೆ ಮಕ್ಕಳ ಕೋಚಿಂಗು. ಹೆಂಗಸರಿಗೆ ಒಂದು ಗಂಟೆ ಇದೆ, ಆದರೆ ಫೀಸು ಕೇಳಿದ ಮೇಲೆ ಜಯಮ್ಮ ಬಂದ ಆಟೋದಲ್ಲೇ ವಾಪಸ್ಸು ಹೊರಟಳು. ನಮ್ಮ ಹಾಲು, ಪೇಪರು, ಕರೆಂಟು ಮೂರೂ ಸೇರಿದರೂ ಅಷ್ಟಾಗುವುದಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಕೇಳಿದಳು: "ಅಲ್ಲಾ ರೀ, ಬಸ್ಸಲ್ಲಿ ಹಿರಿಯರಿಗೆ ಕಮ್ಮಿ ತಗೋತಾರೆ. ನೀರಲ್ಲಿ ಯಾಕೆ ತಗೋಬಾರ್ದು?" ಮೂವತ್ತನಾಲ್ಕು ವರ್ಷ ಇಂಥ ಪ್ರಶ್ನೆಗಳಿಗೆ ಉತ್ತರ ಬರೆದವನು ನಾನು. ಆವತ್ತು ಮೊದಲ ಸಲ ಪ್ರಶ್ನೆ ಸರಿಯಾಗಿದೆ ಅನ್ನಿಸಿತು.

ಮರುದಿನ ಪಾರ್ಕಿನಲ್ಲಿ ವಿಷಯ ಎತ್ತಿದೆ. ನಮ್ಮ ಪಾರ್ಕಿನ ಬೆಂಚು ಎಂದರೆ ಎಂಟು ಹತ್ತು ನಿವೃತ್ತರು, ಅವರಲ್ಲಿ ಮುಖ್ಯ ಕಡಬದ ರಂಗಪ್ಪ. ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು ಇಳಿದು ಅವನ ಮಂಡಿಯೂ ಸವೆದಿತ್ತು. "ಅರ್ಜಿ ಹಾಕಾಣ ಕಣೋ. ಎಲೆಕ್ಷನ್ ಬತ್ತಾ ಐತೆ, ಈಗ ಕೇಳ್ದೆ ಇನ್ನ್ಯಾವಾಗ ಕೇಳೀಯ?" ಎಂದ. ಅರವತ್ತು ದಾಟಿದವರಿಗೆ ಅರ್ಧ ಫೀಸಿನಲ್ಲಿ ದಿನಕ್ಕೆ ಒಂದು ಗಂಟೆ ಈಜುಕೊಳ, ಇಷ್ಟೇ ನಮ್ಮ ಬೇಡಿಕೆ. ಇದನ್ನು ಒಂದು ವಾಕ್ಯದಲ್ಲಿ ಬರೆಯಬಹುದಿತ್ತು. ನಾನು ಮೂರು ವಾರ ತೆಗೆದುಕೊಂಡೆ. ವಿಷಯ, ಉಲ್ಲೇಖ, ಅಡಕಗಳ ಪಟ್ಟಿ ಎಲ್ಲ ಬೇಡವೇ? ಉಲ್ಲೇಖಿಸಲು ಹಿಂದಿನ ಪತ್ರ ಯಾವುದೂ ಇರಲಿಲ್ಲವಾದ್ದರಿಂದ, ಉಲ್ಲೇಖಕ್ಕಾಗಿಯೇ ಒಂದು ಪತ್ರ ಮೊದಲು ಬರೆದು ಕಳಿಸಿ, ಅದಕ್ಕೆ ಉತ್ತರ ಬಾರದಿರಲೆಂದು ಹತ್ತು ದಿನ ಕಾದೆ. ರಂಗಪ್ಪ ತಲೆ ಚಚ್ಚಿಕೊಂಡ. ಕೊನೆಗೆ ಅರ್ಜಿ ಸಿದ್ಧವಾಯಿತು, ಮೊದಲನೇ ಸಹಿ ಜಯಮ್ಮನದು.

ಅಷ್ಟರಲ್ಲಿ ವಾರ್ಡಿನ ಅಭ್ಯರ್ಥಿಗಳಾಗುವ ಆಸೆಯಿದ್ದವರೆಲ್ಲ ಪಾರ್ಕಿಗೆ ಬರತೊಡಗಿದರು. ಮುದುಕರ ಬೆಂಚು ಎಂದರೆ ಕೂತಲ್ಲೇ ಹತ್ತಾರು ಮನೆಯ ಓಟು. ಬಂದವರೆಲ್ಲ ಕಾಲು ಮುಟ್ಟಿದರು. "ಇವ್ರು ಬಗ್ಗಿ ತಕ್ಷಣ ಎದ್ಬುಡ್ತಾರೆ ನೋಡು. ನಾವ್ ಬಗ್ಗಿದ್ರೆ ಏಳ್ಸಕ್ಕೆ ಇಬ್ರು ಬೇಕು" ಎಂದು ರಂಗಪ್ಪ ನನ್ನ ಕಿವಿಯಲ್ಲಿ ಹೇಳಿದ. ಒಬ್ಬರು ಶಾಲು ಹೊದಿಸಿದರು. ಇನ್ನೊಬ್ಬರು ಊರುಗೋಲು ಕೊಟ್ಟರು, ಬೇಕಿದ್ದವರಿಗೂ ಬೇಡದವರಿಗೂ. ಮತ್ತೊಬ್ಬರು ನಾಲ್ಕು ದೇವಸ್ಥಾನಗಳ ಉಚಿತ ಟೂರು ಘೋಷಿಸಿದರು. ನಮಗೆ ಬೇಕಾದದ್ದು ಈಜುಕೊಳ ಎಂದರೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ವಯಸ್ಸಾದವರು ಪುಣ್ಯಕ್ಕಷ್ಟೇ ಅಲ್ಲ, ಖುಷಿಗೂ ನೀರಿಗಿಳಿಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಒಬ್ಬಾತ ನಮ್ಮ ಮನೆಗೇ ಬಂದು, "ಅಮ್ಮಾ, ನಿಮ್ಮಂಥೋರಿಗೇ ಅಂತ ಭಜನಾ ಮಂದಿರ ಕಟ್ಟಿಸ್ಕೊಡ್ತೀನಿ" ಎಂದ. ಜಯಮ್ಮ ನೀರು ಕೊಟ್ಟು, "ಭಜನೆ ನಾನು ಅಡುಗೆಮನೇಲೇ ಮಾಡ್ಕೋತೀನಿ ಕಣಪ್ಪ. ಈಜಕ್ಕೆ ಅಲ್ಲಿ ಜಾಗ ಇಲ್ಲ" ಎಂದಳು. ಆತ ಲೋಟ ಹಿಡಿದುಕೊಂಡು ನನ್ನ ಮುಖ ನೋಡಿದ. ಅಮ್ಮನಿಗೆ ಹುಷಾರಿಲ್ಲವೇ ಎನ್ನುವ ಹಾಗಿತ್ತು ನೋಟ.

ನಮ್ಮ ಮಾತನ್ನು ಕಿವಿಗೆ ಹಾಕಿಕೊಂಡವನು ಪಾಲಿಕೆಯಲ್ಲಿ ನಮ್ಮ ವಾರ್ಡಿನ ಹಾಲಿ ಮೆಂಬರ್ ಲೋಕೇಶ ಒಬ್ಬನೇ. ಒಳ್ಳೆಯ ಹುಡುಗ, ನಲವತ್ತು ವರ್ಷ ಇರಬಹುದು. ಅರ್ಜಿ ಓದಿ, "ಸಾರ್, ಬೊಂಬಾಟಾಗಿ ಬರ್ದಿದೀರಾ. ಒಂದ್ ಉಪ್ಕಾರ ಮಾಡಿ. ಆಫೀಸ್‌ನೋರು ಇದಕ್ಕೆ ಏನೇನ್ ತಕರಾರು ತೆಗೀಬೋದು ಅಂತ ಒಂದ್ ಹಾಳೇಲಿ ಬರ್ಕೊಡಿ. ನಿಮ್ಗೆ ಗೊತ್ತಿರೋದು ಇನ್ಯಾರಿಗ್ ಗೊತ್ತಿರುತ್ತೆ? ನಾನು ಉತ್ತರ ರೆಡಿ ಮಾಡ್ಕೊಂಡೇ ಹೋಗ್ತೀನಿ" ಎಂದ. ಅಂದರೆ ಆರು ವರ್ಷದ ಮೇಲೆ ಒಬ್ಬರು ನನ್ನ ವಿದ್ಯೆಯನ್ನು ಕೇಳಿಕೊಂಡು ಬಂದಿದ್ದರು.

ಆವತ್ತು ಮಧ್ಯಾಹ್ನ ಊಟ ಮುಗಿಸಿ ಕೂತೆ. ಪೆನ್ನು ತಾನಾಗಿಯೇ ಓಡಿತು. ಅರವತ್ತು ದಾಟಿದವರು ನೀರಿನಲ್ಲಿ ಜಾರಿದರೆ ಹೊಣೆ ಯಾರದು? ರಿಯಾಯಿತಿಯ ನಷ್ಟವನ್ನು ಯಾವ ಲೆಕ್ಕಶೀರ್ಷಿಕೆಯಿಂದ ಭರಿಸುವುದು? ಇವರಿಗೆ ಕೊಟ್ಟರೆ ನಾಳೆ ಐವತ್ತೊಂಬತ್ತರವರು ಕೇಳುವುದಿಲ್ಲವೇ? ಹೀಗೆ ಹನ್ನೊಂದು ಅಂಶಗಳಾದವು. ಬರೆಯುತ್ತಾ ಬರೆಯುತ್ತಾ ನಾನು ಯಾರ ಕಡೆಯವನು ಎನ್ನುವುದೇ ಮರೆತುಹೋಯಿತು. ಒಂಬತ್ತನೇ ಅಂಶವಂತೂ, ನಾನೇ ಹೇಳಿಕೊಳ್ಳಬಾರದು, ಅದ್ಭುತ: 'ಅರ್ಜಿದಾರರು ತಮಗೆ ಈಜು ಬರುತ್ತದೆ ಎಂಬುದಕ್ಕೆ ಯಾವುದೇ ದಾಖಲೆ ಲಗತ್ತಿಸಿರುವುದಿಲ್ಲ.' ಕೊನೆಗೆ ಕೈ ಅಭ್ಯಾಸಬಲದಿಂದ ಒಂದು ಗೆರೆ ಎಳೆದು, 'ಪ್ರಯುಕ್ತ ಸದರಿ ಮನವಿಯನ್ನು ಪುರಸ್ಕರಿಸಲು ಅವಕಾಶವಿರುವುದಿಲ್ಲ' ಎಂದು ಮುಗಿಸಿತು. ಎರಡು ಸಲ ಓದಿ, ತೃಪ್ತಿಯಿಂದ ಮಡಚಿ, ನಾನೇ ನಡೆದುಕೊಂಡು ಹೋಗಿ ಲೋಕೇಶನ ಮನೆಗೆ ಕೊಟ್ಟು ಬಂದೆ.

ಲೋಕೇಶ ಅದನ್ನು ಓದಿದನೋ ಇಲ್ಲವೋ. ಚುನಾವಣೆಯ ಓಡಾಟದಲ್ಲಿದ್ದವನು, ಸಾರ್ ಬರೆದದ್ದಲ್ಲವೇ ಎಂದು ಅರ್ಜಿಗೆ ಪಿನ್ನು ಹೊಡೆದು ಹಾಗೆಯೇ ಕಚೇರಿಗೆ ಕಳಿಸಿಬಿಟ್ಟ. ಕಚೇರಿಯವರಿಗೆ ಇನ್ನೇನು ಬೇಕು? ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು. ಹದಿನೈದೇ ದಿನದಲ್ಲಿ ಹಿಂಬರಹ ಬಂತು. ನಮ್ಮ ಕಾಲದಲ್ಲಿ ಅಷ್ಟು ಬೇಗ ಯಾವ ಹಿಂಬರಹವೂ ಹೋದದ್ದಿಲ್ಲ. ಮೊದಲ ಸಹಿ ಜಯಮ್ಮನದಾದ್ದರಿಂದ ಲಕೋಟೆ ಅವಳ ಹೆಸರಿಗೇ ಇತ್ತು. ಜಗುಲಿಯಲ್ಲಿ ಕೂತು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಆಮೇಲೆ ನನ್ನನ್ನು ಕರೆದಳು.

"ರೀ, ನಂಗೆ ಈಜು ಬರುತ್ತೆ ಅನ್ನೋದಕ್ಕೆ ದಾಖಲೆ ಇಲ್ಲ ಅಂತ ಬರ್ದವ್ರೆ."

"ಹೌದಾ?" ಎಂದೆ.

"ಸೋರೆಬುರುಡೆ ಲಗತ್ತಿಸ್ಬೇಕಿತ್ತಾ?"

ನಾನು ಪೇಪರು ಕೈಗೆತ್ತಿಕೊಂಡೆ.

"ಸದರಿ ಅಂತೆ, ಪ್ರಯುಕ್ತ ಅಂತೆ. ನಲವತ್ತು ವರ್ಷ ನಿಮ್ಮ ಜೊತೆ ಬಾಳ್ವೆ ಮಾಡಿದೀನಿ. ಇದು ಟೈಪ್ ಮಾಡಿದ್ರೂ ನಿಮ್ದೇ ಬಾಯಿ ಕಂಡ್ರೀ."

ಒಪ್ಪಿಕೊಂಡೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬಟ್ಟೆಯ ಬಕೆಟ್ಟು ತೆಗೆದುಕೊಂಡು ತಾರಸಿಗೆ ಹೊರಟಳು. ಹದಿನೆಂಟು 'ಅಮ್ಮಾ'ಗಳನ್ನೂ ನಾನು ಕೆಳಗೆ ಕೂತು ಎಣಿಸಿದೆ. ಆಗ, ಎಷ್ಟೋ ವರ್ಷದ ಹಿಂದೆ ಕಡಬದ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ ನೆನಪಾದಳು. ನಾನು ಕೊಟ್ಟ ಹಿಂಬರಹವನ್ನು ಮಂಜೂರಾತಿ ಎಂದೇ ತಿಳಿದು, ಕಣ್ಣಿಗೊತ್ತಿಕೊಂಡು, ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಸಂಚಿಯಲ್ಲಿಟ್ಟುಕೊಂಡು, "ನಿನ್ನ ಮಕ್ಳು ತಣ್ಣಗಿರ್ಲಪ್ಪ" ಎಂದಿದ್ದಳು. ಅದರಲ್ಲಿ ಏನಿದೆ ಎಂದು ನಾನು ಹೇಳಲಿಲ್ಲ. ಅವಳ ಹಿಂದೆ ಸಾಲಿನಲ್ಲಿ ಇನ್ನೂ ಏಳೆಂಟು ಜನ ನಿಂತಿದ್ದರು ಎಂದು ಆಗ ಸಮಾಧಾನ ಮಾಡಿಕೊಂಡಿದ್ದೆ. ಈಗ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಹಿಂಬರಹ ನಮ್ಮ ಮನೆಗೇ ಬರುವವರೆಗೂ ಅದು ನನಗೆ ಬರೀ ಕಾಗದವಾಗಿತ್ತು.

ಮೇಲ್ಮನವಿ ಹಾಕೋಣ ಎಂದು ಸಂಜೆ ಮೆಲ್ಲಗೆ ಹೇಳಿದೆ. "ನೀವು ಪೆನ್ನು ಮುಟ್ಟಿದ್ರೆ ನೋಡಿ ಮತ್ತೆ" ಎಂದಳು ಜಯಮ್ಮ. ಆ ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಅವಳೂ ಬೀದಿಯ ಎಂಟು ಜನ ಹೆಂಗಸರೂ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಲೋಕೇಶನ ಮನೆಗೆ ಹೋದರು. ಲೋಕೇಶ ಇರಲಿಲ್ಲ. ಅವನಿಲ್ಲದ ಹೊತ್ತು ನೋಡಿಯೇ ಹೋಗಿದ್ದರು. ಅವನ ತಾಯಿ ಪುಟ್ಟತಾಯಮ್ಮ ಸಂಭ್ರಮದಿಂದ ಕೂರಿಸಿ, ಕಾಫಿ ಕೊಟ್ಟು, ಮಂಡಿನೋವಿನ ಕಷ್ಟಸುಖ ಮಾತಾಡಿ, ಕೊನೆಗೆ ಅರಿಶಿನ ಕುಂಕುಮದ ತಟ್ಟೆ ತಂದರು. ಆಗ ಜಯಮ್ಮ, "ಕುಂಕುಮ ಆಮೇಲೆ ತಗೋತೀವಿ ಕಣಮ್ಮ. ನಿಮ್ಮ ಮಗ ಬಂದು ಒಂದು ಮಾತು ಕೊಡ್ಲಿ" ಎಂದು ಸೆರಗು ಸರಿಮಾಡಿಕೊಂಡು ಕೂತಳು. ಉಳಿದ ಎಂಟು ಜನವೂ ಸೆರಗು ಸರಿಮಾಡಿಕೊಂಡರು. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಮುತ್ತೈದೆಯರು ಕುಂಕುಮ ಮುಟ್ಟದೆ ಎದ್ದು ಹೋದರೆ ಮನೆಗೆ ಒಳ್ಳೆಯದೇ? ಅದೂ ಎಲೆಕ್ಷನ್ ವರ್ಷದಲ್ಲಿ? ಘೋಷಣೆ ಇಲ್ಲ, ಧಿಕ್ಕಾರ ಇಲ್ಲ, ಒಂಬತ್ತು ಜನ ಫ್ಯಾನಿನ ಕೆಳಗೆ ನಗುನಗುತ್ತಾ ಕೂತಿದ್ದಾರೆ. ಪುಟ್ಟತಾಯಮ್ಮ ತಟ್ಟೆಯನ್ನು ಕೆಳಗಿಟ್ಟರಂತೆ. ಫೋನು ತೆಗೆದುಕೊಂಡು, "ಏನ್ಲಾ ಲೋಕೇಶ, ಎಲ್ಲಿದ್ರೂ ಈಗ್ಲೇ ಬಾರ್ಲಾ. ಒಂಬತ್ತು ಜನ ಮುತ್ತೈದೇರು ಕುಂಕುಮ ಮುಟ್ದೆ ಕೂತವ್ರೆ. ಹಂಗೇ ಎದ್ದೋದ್ರೆ ನಿನ್ ಎಲೆಕ್ಷನ್ನೂ ಬ್ಯಾಡ, ನಿನ್ ಮನೆ ಅನ್ನಾನೂ ನಂಗ್ ಬ್ಯಾಡ" ಎಂದರು.

ಲೋಕೇಶ ಇಪ್ಪತ್ತು ನಿಮಿಷದಲ್ಲಿ ಬಂದ. ಗುತ್ತಿಗೆದಾರನಿಗೆ ಅಲ್ಲಿಂದಲೇ ಫೋನು ಮಾಡಿದ. ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ ಕೊಳ ಹೇಗೂ ಖಾಲಿ ಬಿದ್ದಿರುತ್ತದೆ ಎನ್ನುವುದು ಆಗ ಹೊರಬಿತ್ತು. ಮೊದಲ ಗಂಟೆ ಅರವತ್ತು ದಾಟಿದ ಹೆಂಗಸರಿಗೆ, ಎರಡನೆಯದು ಗಂಡಸರಿಗೆ, ಫೀಸು ಅರ್ಧ. ಮಾತು ಮುಗಿಯಿತು, ಒಂಬತ್ತು ಜನವೂ ಕುಂಕುಮ ತೆಗೆದುಕೊಂಡು ಮನೆಗೆ ಬಂದರು. ಹತ್ತನೆಯವರಾಗಿ ಪುಟ್ಟತಾಯಮ್ಮನೂ ಹೆಸರು ಕೊಟ್ಟಿದ್ದರು. ನಾನು ಕೇಳಿದೆ: "ಆದೇಶದ ಪ್ರತಿ ಎಲ್ಲಿ? ಬರವಣಿಗೇಲಿ ಏನೂ ಇಲ್ದೆ ಹೆಂಗೆ?" ಜಯಮ್ಮ ಸೀರೆ ಮಡಚುತ್ತಾ, "ಬರ್ದಿದ್ರೆ ತಾನೇ ಅದಕ್ಕೆ ತಕರಾರು ಬರಿಯೋದು?" ಎಂದಳು.

ಮೊದಲ ದಿನ ನಾನೇ ಕರೆದುಕೊಂಡು ಹೋಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿಂದ ನೀರಿನ ಸದ್ದು, ಹೆಂಗಸರ ಕೂಗಾಟ, ಮಧ್ಯೆ ಒಂದು ನಗು. ಆ ನಗು ಜಯಮ್ಮನದು ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ನಮ್ಮ ಮನೆ ಕೇಳಿಲ್ಲ. ಒಂದು ತಿಂಗಳಾಗುವ ಹೊತ್ತಿಗೆ ಮೆಟ್ಟಿಲಿನ ಹದಿನೆಂಟು 'ಅಮ್ಮಾ' ನಾಲ್ಕಕ್ಕೆ ಇಳಿದವು. ಇಷ್ಟು ಸಂತೋಷ ನನಗೆ ಪಿಂಚಣಿ ಮಂಜೂರಾದಾಗಲೂ ಆಗಿರಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಹನ್ನೆರಡರಿಂದ ಒಂದು ಗಂಡಸರ ಸರದಿ ಎಂದು ಹೇಳಿದೆನಲ್ಲ. ರಂಗಪ್ಪ ಮೊದಲ ವಾರವೇ ಇಳಿದ. ಬೆಂಚಿನವರೆಲ್ಲ ಒಬ್ಬೊಬ್ಬರಾಗಿ ಇಳಿದರು. ಹೋರಾಟದ ಅರ್ಜಿ ಬರೆದ ನಾನೊಬ್ಬ ಇಳಿದಿಲ್ಲ. ನಿಜ ಹೇಳುತ್ತೇನೆ, ನನಗೆ ನೀರೆಂದರೆ ಭಯ. ಬೇಡಿಕೆ ಈಡೇರುತ್ತದೆ ಎಂದು ನಾನು ಒಂದು ಕ್ಷಣವೂ ನಂಬಿರಲಿಲ್ಲವಾದ್ದರಿಂದ ಈ ಪ್ರಸಂಗ ಬರಬಹುದೆಂದು ಯೋಚಿಸಿಯೇ ಇರಲಿಲ್ಲ. ಈ ವಾರವೇ ನೋಡಿ, ಸೋಮವಾರ ನೆಗಡಿ ಎಂದೆ. ಮಂಗಳವಾರ ಹೊಸ ಕೆಲಸ ಶುರು ಮಾಡಬಾರದು ಎಂದೆ. ನಿನ್ನೆ ಬಿ.ಪಿ. ಮಾತ್ರೆಯ ಮೇಲೆ ಹಾಕಿದೆ. ಇವತ್ತು ಒಂದು ಪ್ರಬಂಧ ಬರೆಯುವುದಿದೆ, ತುರ್ತು, ಎಂದು ಬೆಳಗ್ಗೆಯಿಂದ ಈ ಮೇಜು ಬಿಟ್ಟು ಎದ್ದಿಲ್ಲ. ಈಗ ಹನ್ನೊಂದೂಮುಕ್ಕಾಲು. ಆಟೋ ಬಂದು ಗೇಟಿನಲ್ಲಿ ನಿಂತಿದೆ. ಜಯಮ್ಮ ಬೇಗನೇ ಈಜಿ ಬಂದು, ಒದ್ದೆ ಕೂದಲಿನಲ್ಲೇ, ಕೈಯಲ್ಲಿ ನನ್ನ ಟವೆಲ್ಲು ಹಿಡಿದು ಬಾಗಿಲಲ್ಲಿದ್ದಾಳೆ. ಇನ್ನೂ ಮುಗಿದಿಲ್ಲ ಕಣೇ, ಕೊನೇ ಪ್ಯಾರಾ ಬಾಕಿ ಇದೆ ಎಂದೆ.

"ಎಲ್ಲಿಗೆ ಬಂದಿದೆಯೋ ಅಲ್ಲಿಗೇ ನಿಲ್ಸಿ, ಏಳಿ" ಎನ್ನುತ್ತಿದ್ದಾಳೆ.